ಯಾರ ಬಾಯಿಯ ಮಾತು?

ಭಾಷಾಶಾಸ್ತ್ರ ಓದಲು ಬಂದ ವಿದ್ಯಾರ್ಥಿಯ ಕೈಗೆ ಮೊದಲು ಸಿಗೋದು ಒಂದು ಪುಸ್ತಕಪಟ್ಟಿ. ಕೇಶಿರಾಜ, ಕಾಲ್ಡ್‌ವೆಲ್, ಕಿಟೆಲ್, ಬರೋ-ಎಮೆನೊ. ಮನೇಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಈ ಹೆಸರುಗಳೇ ಹೆದರಿಕೆ ಹುಟ್ಟಿಸುತ್ತವೆ. ಹೆದರಬೇಕಿಲ್ಲ. ಈ ಪಟ್ಟಿಗೂ ಒಂದು ಚರಿತ್ರೆ ಇದೆ. ಯಾರ ಬಾಯಿಯ ಮಾತು ಕೇಳಿ ಇವನ್ನು ಬರೆದರು ಅಂತ ಕೇಳುತ್ತಾ ಹೋದರೆ ಅದು ಬಿಚ್ಚಿಕೊಳ್ಳುತ್ತದೆ.

ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದ. ಕನ್ನಡದ ವ್ಯಾಕರಣವನ್ನು ಕನ್ನಡದಲ್ಲೇ ಹೇಳಿದ್ದು ದೊಡ್ಡ ಕೆಲಸ. ಆದರೆ ತನಗೆ ಆಧಾರ ಯಾರು ಅನ್ನುವಾಗ ಅವನು ಎಣಿಸಿದ್ದು ಗಜಗ, ಅಸಗ, ಶ್ರೀವಿಜಯ, ಪೊನ್ನ, ಪಂಪರಂಥ ಕವಿಗಳನ್ನು. ಅವನಿಗಿಂತ ನೂರು ವರ್ಷ ಮುಂಚೆ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಕನ್ನಡದಲ್ಲಿ ವಚನ ಹೇಳಿದ್ದರು. ಅವರು ಆ ಎಣಿಕೆಯಲ್ಲಿಲ್ಲ. 1604ರಲ್ಲಿ ಭಟ್ಟಾಕಳಂಕ 592 ಸೂತ್ರಗಳಲ್ಲಿ ಕನ್ನಡ ವ್ಯಾಕರಣ ಬರೆದ, ಸಂಸ್ಕೃತದಲ್ಲಿ. ಕನ್ನಡದ ನಿಯಮ ತಿಳಿಯಲು ಸಂಸ್ಕೃತ ಬಂದಿರಬೇಕು ಅನ್ನೋ ಸ್ಥಿತಿ.

1856ರಲ್ಲಿ ಕಾಲ್ಡ್‌ವೆಲ್ಲನ ತೌಲನಿಕ ವ್ಯಾಕರಣ ಬಂತು. ದ್ರಾವಿಡ ನುಡಿಗಳು ಸಂಸ್ಕೃತದ ಮಕ್ಕಳಲ್ಲ, ಬೇರೆಯದೇ ಒಂದು ಕುಟುಂಬ ಅನ್ನೋದನ್ನು ಅದು ವಿಸ್ತಾರವಾಗಿ ತೋರಿಸಿತು. 1894ರಲ್ಲಿ ಮಂಗಳೂರಿನಲ್ಲಿ ಕಿಟೆಲ್ಲನ ನಿಘಂಟು ಅಚ್ಚಾಯಿತು. ಸುಮಾರು 70,000 ಪದ. ಕಾವ್ಯದ ಜೊತೆಗೆ ಹಳ್ಳಿಯ ಗಾದೆಗೂ ಅಲ್ಲಿ ಜಾಗ ಸಿಕ್ಕಿತು.

ಆದರೆ ಅದೇ ಕೋಶದಲ್ಲಿ ‘ಹೊಲೆ’ ಅನ್ನೋ ಪದ ತೆಗೆದು ನೋಡಿ. ಮೈಲಿಗೆ, ಮುಟ್ಟು, ಸೂತಕ. ಒಂದು ಇಡೀ ಜನದ ಹೆಸರು ಈ ಅರ್ಥಗಳ ಪಕ್ಕದಲ್ಲೇ ಕೂತಿದೆ. ಓದುವವನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತೆ. ಹೊಲದವನೇ ಹೊಲೆಯ, ಭೂಮಿಯ ಮಗ ಅನ್ನೋ ಇನ್ನೊಂದು ವಾದವೂ ಇದೆ. ಹಿತವಾಗಿದೆ ಅಂತ ಅದನ್ನು ಹಿಡಿದುಕೊಂಡರೆ ಸಾಲದು. ತಮಿಳಿನಲ್ಲಿ ಮೈಲಿಗೆಯ ಅರ್ಥದ ‘ಪುಲೈ’ ಇದೆ, ಹೊಲದ ಅರ್ಥದ ‘ಪುಲಂ’ ಕೂಡ ಇದೆ. ಎರಡನ್ನೂ ಎದುರಿಗಿಟ್ಟುಕೊಂಡು, ಶಾಸನ ನೋಡಿ, ನಾವೇ ವಾದ ಹೂಡಬೇಕು. ಸಿಟ್ಟೂ ಬೇಕು, ಪುರಾವೆಯೂ ಬೇಕು.

ಇದಕ್ಕೆ ಬೇಕಾದ ಆಯುಧ ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ಕೋಶ. ಮೊದಲ ಮುದ್ರಣ 1961, ಪರಿಷ್ಕರಿಸಿದ್ದು 1984. ಅದರಲ್ಲಿ ಪ್ರತಿ ಪದದ ಸಾಲು ತಮಿಳು, ಮಲಯಾಳಂ ಆದಮೇಲೆ ನೀಲಗಿರಿಯ ಕೋತ, ತೋಡ ನುಡಿಗಳಿಗೆ ಬರುತ್ತೆ. ಕನ್ನಡ ಅವುಗಳ ಹಿಂದೆ ನಿಲ್ಲುತ್ತದೆ. ಲಿಪಿಯಿಲ್ಲದ ನುಡಿ, ಕಾವ್ಯವಿರುವ ನುಡಿ ಅನ್ನೋ ಭೇದ ಅಲ್ಲಿಲ್ಲ. ಕೋತರು ಕಮ್ಮಾರಿಕೆ, ಕುಂಬಾರಿಕೆ ಮಾಡುತ್ತಾ, ಬೇರೆಯವರ ಸಾವಿಗೆ ವಾದ್ಯ ನುಡಿಸುತ್ತಾ ಬದುಕಿದ ಜನ. ಸುತ್ತಲಿನವರು ಅವರನ್ನು ಕೀಳಾಗಿ ಕಂಡರು. ಎಮೆನೊ 1930ರ ದಶಕದಲ್ಲಿ ಅಲ್ಲಿಗೆ ಹೋದಾಗ ಕಥೆ ಹೇಳಿ ಬರೆಸಿದವನು ಸುಲ್ಲಿ ಎಂಬ ಕೋತ ಶಾಲಾಮಾಸ್ತರ. 1944ರಿಂದ 46ರವರೆಗೆ ಅಚ್ಚಾದ ‘ಕೋತ ಟೆಕ್ಸ್ಟ್ಸ್’ ಸಂಪುಟಗಳ ಹಿಂದೆ ಅವನ ನಾಲಿಗೆ ಇದೆ.

ಕನ್ನಡದ ಬೀದಿಮಾತಿಗೂ ಅಂಥ ಕಿವಿ ಸಿಕ್ಕಿದ್ದು ತಡವಾಗಿ. 1960ರಲ್ಲಿ ಫರ್ಗ್ಯುಸನ್ ಮತ್ತು ಗಂಪರ್ಜ್ ಸಂಪಾದಿಸಿದ, ದಕ್ಷಿಣ ಏಷ್ಯಾದ ನುಡಿವೈವಿಧ್ಯದ ಪುಸ್ತಕದಲ್ಲಿ ಮೆಕ್‌ಕಾರ್ಮಕ್ ಧಾರವಾಡದ ಕನ್ನಡದ ಬಗ್ಗೆ, ವಿಲಿಯಂ ಬ್ರೈಟ್ ಜಾತಿಯಿಂದ ಜಾತಿಗೆ ಬದಲಾಗುವ ಮಾತಿನ ಬಗ್ಗೆ ಬರೆದರು. ಬೆಂಗಳೂರಿನ ಬ್ರಾಹ್ಮಣರ ಬಾಯಲ್ಲಿ ‘ಇದೆ’, ಧಾರವಾಡದ ಬ್ರಾಹ್ಮಣರ ಬಾಯಲ್ಲಿ ‘ಅದ’. ಉಳಿದವರ ಬಾಯಲ್ಲಿ ಎರಡೂ ಕಡೆ ‘ಐತೆ’, ‘ಐತಿ’. ‘ಕುಂತ’ ಅನ್ನೋದೂ ಹಾಗೆಯೇ. ನಾನೂರು ಕಿಲೋಮೀಟರ್ ದೂರದ ಎರಡು ಊರುಗಳನ್ನು ಕೂಡಿಸಿದ ಮಾತು ಶಾಲೆಯಲ್ಲಿ ‘ತಪ್ಪು’, ಒಂದು ಕಡೆಯ ಕೆಲವರ ಮಾತು ‘ಶುದ್ಧ’!

ಹಳಗನ್ನಡದ ‘ಪಾಲ್’ ಮುಂದೆ ‘ಹಾಲು’ ಆಯಿತು. ಪಂಡಿತರು ಒಪ್ಪಿಕೊಂಡರು. ಆ ‘ಹ’ವೂ ಉದುರಿ ನಮ್ಮ ಹುಡುಗಿ ‘ಆಲು’ ಅಂದರೆ ಕೆಂಪು ಶಾಯಿ ಬೀಳುತ್ತೆ. ಎರಡೂ ಒಂದೇ ದಾರಿಯ ಮೈಲಿಗಲ್ಲುಗಳು. ಅಮೆರಿಕದಲ್ಲಿ ವಿಲಿಯಂ ಲೆಬೋವ್ 1972ರ ತನ್ನ ಪುಸ್ತಕದಲ್ಲಿ ಕಪ್ಪು ಜನರ ಮಕ್ಕಳ ಇಂಗ್ಲಿಷಿಗೂ ಇದನ್ನೇ ಹೇಳಿದ: ಅದು ಕೆಟ್ಟ ಇಂಗ್ಲಿಷಲ್ಲ, ಅದಕ್ಕೆ ಅದರದೇ ನಿಯಮವಿದೆ.

ಹಾಗಾದರೆ ಓದೋದು ಎಲ್ಲಿಂದ? ಡಿ.ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಿಂದ (2000) ಶುರು ಮಾಡಿ. ಸಂಸ್ಕೃತದ ಅಳತೆಗೋಲು ಕನ್ನಡಕ್ಕೆ ಎಲ್ಲೆಲ್ಲಿ ಹೊಂದೋದಿಲ್ಲ ಅಂತ ತಿಳಿಯುತ್ತೆ. ಆಮೇಲೆ ಕೇಶಿರಾಜನ ಹತ್ತಿರ ಹೋಗಿ. ಆಗ ಅವನು ಹೆದರಿಸೋದಿಲ್ಲ. ಕುಟುಂಬದ ಇಡೀ ನಕ್ಷೆಗೆ ಭದ್ರಿರಾಜು ಕೃಷ್ಣಮೂರ್ತಿಯವರ ‘ದ ದ್ರವಿಡಿಯನ್ ಲಾಂಗ್ವೇಜಸ್’ (2003). ಪಕ್ಕದಲ್ಲಿ ಕಿಟೆಲ್ ಇರಲಿ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ಇರಲಿ.

ಆ ಎಂಟು ಸಂಪುಟಗಳಿಗೆ ಆಧಾರ ಬಹುಪಾಲು ಕಾವ್ಯ ಮತ್ತು ಶಾಸನ. ಚರ್ಮ ಹದ ಮಾಡುವವರ ಮಾತು, ತಮಟೆಯ ಗತ್ತಿನ ಹೆಸರುಗಳು, ಸೂಲಗಿತ್ತಿಯ ಪದಗಳು ಇನ್ನೂ ಎಷ್ಟೋ ಕಾಗದಕ್ಕೆ ಬಂದಿಲ್ಲ. ಹಳ್ಳಿಶಾಲೆಯ ಮೇಷ್ಟ್ರುಗಳೇ, ಒಂದು ನೋಟ್‌ಬುಕ್ ಇಡಿ. ಪದ ಬರೆಯಿರಿ, ಎದುರಿಗೆ ಊರು ಬರೆಯಿರಿ. ಹೇಳಿದವರು ಒಪ್ಪಿದರೆ ಅವರ ಹೆಸರನ್ನೂ ಬರೆಯಿರಿ.