ಮಂಗಳೂರಿನಿಂದ ಅತ್ತೂರಿಗೆ ಕುಟುಂಬದ ಯಾತ್ರೆ

ಮಂಗಳೂರಿನಿಂದ ಕಾರ್ಕಳ ರಸ್ತೆಯಲ್ಲಿ ಹೊರಟರೆ ಒಂದೇ ದಿನದಲ್ಲಿ ಕುಟುಂಬ ಸಮೇತ ನಾಲ್ಕು ಪವಿತ್ರ ಸ್ಥಳಗಳನ್ನು ಸಂದರ್ಶಿಸಬಹುದು. ಆದರೆ ಅತ್ತೂರಿಗೆ ಅರ್ಧ ದಿನವಾದರೂ ಮೀಸಲಿಡಬೇಕು.

ಮೊದಲು ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಗೋಡೆ, ಛಾವಣಿಗಳ ತುಂಬ ಬಿಡಿಸಿದ ಚಿತ್ರಗಳೇ ಮಕ್ಕಳಿಗೆ ಧರ್ಮೋಪದೇಶ. ಮುಂದೆ ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರ. ಇಲ್ಲಿಯ ವಾರ್ಷಿಕ ಹಬ್ಬ ಜನವರಿ 14ರಂದು. ಅಲ್ಲಿಂದ ಕುಲಶೇಖರದ ಕೊರ್ಡೆಲ್ ಇಗರ್ಜಿ ಹತ್ತಿರವೇ ಇದೆ. ಇದನ್ನು ಸ್ಥಾಪಿಸಿದ ಫ್ರೆಂಚ್ ಕಾರ್ಮೆಲೈಟ್ ಗುರು ಅಲೆಕ್ಸಾಂಡರ್ ದುಬೊವಾ ಅವರನ್ನು ಹಿರಿಯರು ಇಂದಿಗೂ 'ಫ್ರಾದ್ ಸಾಯ್ಬ್' ಎಂದೇ ಸ್ಮರಿಸುತ್ತಾರೆ.

ಅತ್ತೂರಿನ ಸಂತ ಲಾರೆನ್ಸರ ಇಗರ್ಜಿ 1759ರಲ್ಲಿ ಆರಂಭವಾಯಿತು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಅನೇಕರು ದಾರಿಯಲ್ಲೇ, ಸೆರೆಯಲ್ಲೇ ಮಡಿದರು. 1799ರ ಬಳಿಕ ಮರಳಿದವರ ವಂಶಜರು ಮತ್ತೆ ಇಗರ್ಜಿಗೆ ಸ್ಥಳ ಹುಡುಕುವಾಗ ಸಂತರ ಮರದ ಪ್ರತಿಮೆಯನ್ನು ನೀರಿನ ಊಟೆಯ ಬಳಿ ಇಳಿಸಿದರು, ಮತ್ತೆ ಅದನ್ನು ಎತ್ತಲಾಗಲಿಲ್ಲ ಎಂಬುದು ಪ್ರತೀತಿ. ಆ ನೀರೇ ಇಂದಿನ ಪುಷ್ಕರಿಣಿ. ಕ್ಷೇತ್ರ ಈಗ 2012ರಲ್ಲಿ ರಚನೆಯಾದ ಉಡುಪಿ ಧರ್ಮಪ್ರಾಂತಕ್ಕೆ ಸೇರಿದೆ. 2016ರಲ್ಲಿ ಬಸಿಲಿಕಾ ಗೌರವ ದೊರೆಯಿತು.

ಜನವರಿಯ ಮಹೋತ್ಸವದಲ್ಲಿ ಎಲ್ಲ ಧರ್ಮದವರೂ ಲಕ್ಷಗಟ್ಟಲೆ ಸೇರುತ್ತಾರೆ. ಅದರ ಸಂಭ್ರಮವೇ ಬೇರೆ. ಆದರೆ ಅಜ್ಜ ಅಜ್ಜಿ, ಕೈಗೂಸು ಜೊತೆಗಿದ್ದರೆ ಬೇರೆ ದಿನ ಆರಿಸುವುದು ಲೇಸು. ಬಲಿಪೂಜೆಯ ಸಮಯವನ್ನು ಮೊದಲೇ ವಿಚಾರಿಸಿ ಹೊರಟರೆ ಮೇಣದ ಬತ್ತಿ ಹಚ್ಚಿ, ಪುಷ್ಕರಿಣಿಯ ಬಳಿ ಕುಳಿತು, ಮಕ್ಕಳಿಗೆ ಆ 1784ರ ಕಥೆ ಹೇಳಲು ಸಮಯ ಸಿಗುತ್ತದೆ.