ಬೀದಿಗಿಳಿಯದ ಕಾರು

ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತ್ಯದ ಹಲ್ಲವಿಂಗ್ಟನ್‌ನಲ್ಲಿ 1937ರಲ್ಲಿ ವಾಯುಪಡೆಗಾಗಿ ಕಟ್ಟಿದ ವಿಮಾನ ನಿಲ್ದಾಣವೊಂದಿದೆ. ಅದರ ಹಳೆಯ ಹ್ಯಾಂಗರುಗಳನ್ನು ದುರಸ್ತಿ ಮಾಡಿಸಿ, ವ್ಯಾಕ್ಯೂಮ್ ಕ್ಲೀನರ್‌ಗಳಿಗೆ ಹೆಸರಾದ ಡೈಸನ್ ಕಂಪನಿ ಗುಟ್ಟಾಗಿ ಒಂದು ವಿದ್ಯುತ್ ಕಾರನ್ನು ತಯಾರಿಸಿತು. ಏಳು ಮಂದಿ ಕೂರಬಹುದಾದ ಕಾರು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 960 ಕಿಲೋಮೀಟರ್ ಓಡುತ್ತದೆಂಬುದು ಕಂಪನಿಯ ಲೆಕ್ಕ. ಆದರೆ ಕಾರು ಮಾರುಕಟ್ಟೆ ಕಾಣಲಿಲ್ಲ. 2019ರ ಅಕ್ಟೋಬರ್ 10ರಂದು ಕಂಪನಿಯ ಒಡೆಯ ಜೇಮ್ಸ್ ಡೈಸನ್ ನೌಕರರಿಗೆ ಪತ್ರ ಬರೆದು ಯೋಜನೆಯನ್ನು ಕೈಬಿಟ್ಟಿರುವುದಾಗಿ ತಿಳಿಸಿದರು. ಕಾರು ಸೊಗಸಾಗಿಯೇ ಇದೆ, ವ್ಯಾಪಾರವಾಗಿ ಮಾತ್ರ ಅದು ಗಿಟ್ಟುವ ದಾರಿ ಕಾಣುತ್ತಿಲ್ಲ ಎಂಬುದು ಪತ್ರದ ಸಾರ.

ಡೈಸನ್ ಅವರಿಗೆ ಸೋಲು ಹೊಸದಲ್ಲ. ಗಾಳಿಯನ್ನು ಸುಳಿಯಂತೆ ವೇಗವಾಗಿ ಸುತ್ತಿಸಿದರೆ ಅದರೊಳಗಿನ ದೂಳು ಅಂಚಿಗೆ ಸಿಡಿದು ಕೆಳಗೆ ಬೀಳುತ್ತದೆ. ಮರ ಕೊಯ್ಯುವ ಮಿಲ್ಲುಗಳಲ್ಲಿ ಬಳಕೆಯಲ್ಲಿದ್ದ ಈ ತತ್ವವನ್ನು ಮನೆಯ ವ್ಯಾಕ್ಯೂಮ್ ಕ್ಲೀನರ್‌ಗೆ ಅಳವಡಿಸಲು ಅವರು ಮಾಡಿದ ಮಾದರಿಗಳು 5,127. ಕೊನೆಯದೊಂದೇ ಮನಸ್ಸಿಗೆ ಒಪ್ಪಿದ್ದು. 1993ರಲ್ಲಿ ಸ್ವಂತ ಹೆಸರಿನ ಯಂತ್ರ ಮಾರುಕಟ್ಟೆಗೆ ಬಂದ ಮೇಲೆ ಅದೃಷ್ಟ ತಿರುಗಿತು.

ಕಾರಿನ ಕಥೆಯ ಬೇರು ಇರುವುದೂ ಈ ದೂಳಿನಲ್ಲೇ. ಡೀಸೆಲ್ ಹೊಗೆಯಿಂದ ಪ್ರಯೋಗಾಲಯದ ಇಲಿಗಳು ಅಕಾಲದಲ್ಲಿ ಸತ್ತವೆಂಬ ಅಮೆರಿಕದ ವರದಿಯೊಂದನ್ನು ಡೈಸನ್ 1988ರಲ್ಲಿ ಓದಿದರು. ಹೊಗೆ ಕೊಳವೆಗೂ ಅದೇ ಸುಳಿಗಾಳಿಯ ಶೋಧಕವನ್ನು ಜೋಡಿಸಬಹುದಲ್ಲ ಎಂದುಕೊಂಡು 1990ರ ದಶಕದ ಆರಂಭದಲ್ಲಿ ಮಾದರಿಗಳನ್ನೂ ಸಿದ್ಧಪಡಿಸಿದರು. ವಾಹನ ಕಂಪನಿಗಳು ಆಸಕ್ತಿ ತೋರಲಿಲ್ಲ. ಸಂಗ್ರಹವಾದ ಮಸಿಯನ್ನು ಎಲ್ಲಿ ಸುರಿಯುವುದು ಎಂಬುದೇ ಸಮಸ್ಯೆ ಎಂದವು. ದಾರಿಹೋಕರ ಶ್ವಾಸಕೋಶಕ್ಕೆ ಸುರಿದರೆ ಅಂಥ ಸಮಸ್ಯೆಯಿಲ್ಲ, ನೋಡಿ! ಸಾಲದ್ದಕ್ಕೆ ಬ್ರಿಟನ್ 2001ರಿಂದ ಇಂಗಾಲದ ಡೈಆಕ್ಸೈಡ್ ಪ್ರಮಾಣದ ಮೇಲೆ ವಾಹನ ತೆರಿಗೆ ಹಾಕತೊಡಗಿದ್ದು ಡೀಸೆಲ್ ಕಾರುಗಳಿಗೇ ಅನುಕೂಲವಾಯಿತು. ಹೊಗೆ ತಪಾಸಣೆಯಲ್ಲಿ ಫೋಕ್ಸ್‌ವ್ಯಾಗನ್ ಮಾಡಿದ ಮೋಸ ಬಯಲಾಗಲು 2015 ಬರಬೇಕಾಯಿತು.

ಎರಡು ವರ್ಷಗಳ ನಂತರ ಡೈಸನ್ ತಮ್ಮ ಗುಟ್ಟನ್ನು ಹೊರಗಿಟ್ಟರು. ಕಾರಿಗೆ 100 ಕೋಟಿ ಪೌಂಡ್, ಬ್ಯಾಟರಿಗೆ 100 ಕೋಟಿ ಪೌಂಡ್, 2020ಕ್ಕೆ ಕಾರು ಸಿದ್ಧ ಎಂದು ಘೋಷಿಸಿದರು. ಈ ವಿಶ್ವಾಸಕ್ಕೆ ಆಧಾರವಿತ್ತು. ವಿದ್ಯುತ್ ಕಾರಿನ ಜೀವಾಳವಾದ ಮೋಟಾರು, ಬ್ಯಾಟರಿ ಎರಡರಲ್ಲೂ ಅವರ ಕಂಪನಿಗೆ ಪಳಗಿದ ಕೈ ಇತ್ತು. 2018ರಲ್ಲಿ ಸಿಂಗಪುರದಲ್ಲಿ ಕಾರ್ಖಾನೆ ಕಟ್ಟುವ ನಿರ್ಧಾರವೂ ಆಯಿತು.

ಮುಗ್ಗರಿಸಿದ್ದು ಯಂತ್ರವಲ್ಲ, ಲೆಕ್ಕ. ಬ್ಯಾಟರಿ, ಅದನ್ನು ತಣ್ಣಗಿಡುವ ಏರ್ಪಾಡು, ವಿದ್ಯುನ್ಮಾನ ಭಾಗಗಳು ಎಲ್ಲ ಸೇರಿ ಪೆಟ್ರೋಲ್ ಎಂಜಿನ್ನಿಗಿಂತ ಬಹಳ ದುಬಾರಿ. ಹಾಗಾದರೆ ಹಳೆಯ ಕಂಪನಿಗಳು ಹೇಗೆ ಮಾರುತ್ತಿದ್ದವು? ನಷ್ಟಕ್ಕೆ ಎಂಬುದು ಡೈಸನ್ ಅವರ ಉತ್ತರ. ಕಾರಣ ಯುರೋಪಿನ ಕಾನೂನು. ಕಂಪನಿಯೊಂದು ಮಾರುವ ಕಾರುಗಳು ಸರಾಸರಿಯಲ್ಲಿ ಕಿಲೋಮೀಟರಿಗೆ 95 ಗ್ರಾಂಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಉಗುಳಬಾರದು ಎಂಬ ಗುರಿಯನ್ನು ಅದು 2020ರ ಸುಮಾರಿಗೆ ಇಟ್ಟಿತ್ತು. ಮೀರಿದರೆ ಪ್ರತಿ ಕಾರಿಗೆ, ಪ್ರತಿ ಗ್ರಾಮಿಗೆ 95 ಯುರೋ ದಂಡ. ಲಕ್ಷ ಕಾರು ಮಾರುವ ಕಂಪನಿ ಹತ್ತು ಗ್ರಾಂ ಮೀರಿದರೆ ದಂಡವೇ ಒಂಬತ್ತೂವರೆ ಕೋಟಿ ಯುರೋ! ವಿದ್ಯುತ್ ಕಾರಿನ ಹೊಗೆ ಸೊನ್ನೆ. ಅಂಥ ಕೆಲವನ್ನು ನಷ್ಟಕ್ಕೆ ಮಾರಿ ಸರಾಸರಿ ತಗ್ಗಿಸಿಕೊಂಡರೆ, ಲಾಭದ ಪೆಟ್ರೋಲ್ ಕಾರುಗಳು ದಂಡದಿಂದ ಪಾರು. ಹೊಗೆ ಬಿಡುವ ಕಾರೇ ಇಲ್ಲದ ಡೈಸನ್ನಿಗೆ ಈ ನಷ್ಟದಿಂದ ಪ್ರಯೋಜನವೇನು? ಅವರು ಪ್ರತಿ ಕಾರಿನಲ್ಲೂ ಲಾಭ ಕಾಣಬೇಕಿತ್ತು. ಅಸಲು ಗಿಟ್ಟಬೇಕಾದರೂ ಕಾರೊಂದಕ್ಕೆ ಒಂದೂವರೆ ಲಕ್ಷ ಪೌಂಡ್ ಬೆಲೆ ಇಡಬೇಕಿತ್ತು. ಆಗ ಜಾಗ್ವಾರ್, ಆಡಿ ಕಂಪನಿಗಳ ವಿದ್ಯುತ್ ಕಾರುಗಳು ಅದರ ಅರ್ಧ ಬೆಲೆಗೇ ಸಿಗುತ್ತಿದ್ದವು.

ಹಾಗೆಂದು ಹೊಸಬರಿಗೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಟೆಸ್ಲಾ ಕಂಪನಿ 2019ರಲ್ಲಿ ತನ್ನ ಸೊನ್ನೆಯನ್ನೇ ಫಿಯಟ್ ಕ್ರೈಸ್ಲರ್ ಜತೆ ಹಂಚಿಕೊಂಡು ಹಣ ಮಾಡಿತು. ಆದರೆ 2003ರಲ್ಲಿ ಹುಟ್ಟಿದ ಟೆಸ್ಲಾ ಇಡೀ ಒಂದು ವರ್ಷದ ಲಾಭ ಕಂಡದ್ದು 2020ರಲ್ಲಿ. ಅಲ್ಲಿಯವರೆಗೆ ಅದನ್ನು ಸಾಕಿದ್ದು ಷೇರುದಾರರ ಹಣ. ಡೈಸನ್ ಒಂದೇ ಕುಟುಂಬದ ಸ್ವತ್ತು. ಕಾರು ಮುಳುಗಿದರೆ ಕಂಪನಿಯೂ ಮುಳುಗುವ ಭಯ. ಕೊಳ್ಳುವವರಿದ್ದಾರೆಯೇ ಎಂದು ಹುಡುಕಿದರೂ ಯಾರೂ ಸಿಗಲಿಲ್ಲ. 50 ಕೋಟಿ ಪೌಂಡ್ ಕರಗಿತ್ತು. 523 ಮಂದಿ ಆ ಕೆಲಸದಲ್ಲಿದ್ದರು. ಕಾರ್ಖಾನೆಯ ಗೋಡೆ ಏಳುವ ಮುನ್ನವೇ ನಿಲ್ಲಿಸಿದ್ದು ಧೈರ್ಯದ ಕೆಲಸವೆಂದೇ ಹೇಳಬೇಕು.

ಬ್ರಿಟನ್ನಿನಲ್ಲಿ ಇಂಥ ಸಾಹಸ ಇದೇ ಮೊದಲೇನೂ ಅಲ್ಲ. ಮನೆಗಳಿಗೆ ಅಗ್ಗದ ಕಂಪ್ಯೂಟರ್ ಮುಟ್ಟಿಸಿದ ಕ್ಲೈವ್ ಸಿಂಕ್ಲೇರ್ 1985ರ ಜನವರಿಯಲ್ಲಿ ಸಿ-5 ಎಂಬ ಮೂರು ಚಕ್ರದ ವಿದ್ಯುತ್ ವಾಹನ ತಂದರು. ಬೆಲೆ 399 ಪೌಂಡ್. ಮೇಲೆ ಸೂರಿಲ್ಲ, ದಿಣ್ಣೆ ಬಂದರೆ ಪೆಡಲ್ ತುಳಿಯಬೇಕು. ಜನ ನಕ್ಕರು, ಆಗಸ್ಟ್ ಹೊತ್ತಿಗೆ ತಯಾರಿಕೆ ನಿಂತಿತು. ಅದನ್ನು ಜೋಡಿಸುತ್ತಿದ್ದುದು ವೇಲ್ಸ್‌ನ ವಾಷಿಂಗ್ ಮೆಷಿನ್ ಕಾರ್ಖಾನೆಯೊಂದರಲ್ಲಿ. ಅದರ ಒಡೆತನ ಹೂವರ್ ಕಂಪನಿಯದು: ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಮುಂದೆ ಡೈಸನ್ನರ ಎದುರಾಳಿಯಾದ ಹೂವರ್!

ಸುಮಾರು ಹತ್ತು ವರ್ಷ ಗುಟ್ಟಾಗಿ ದುಡಿದ ಅಮೆರಿಕದ ಆಪಲ್ ಕಂಪನಿಯೂ 2024ರ ಫೆಬ್ರುವರಿಯಲ್ಲಿ ತನ್ನ ಕಾರಿನ ಕೆಲಸ ನಿಲ್ಲಿಸಿತೆಂದು ವರದಿಯಾಯಿತು. ಮರು ತಿಂಗಳೇ ಚೀನಾದ ಫೋನ್ ತಯಾರಕ ಷಿಯೋಮಿ ತನ್ನ ಕಾರನ್ನು ಮಾರಾಟಕ್ಕಿಟ್ಟಿತು.

ಡೈಸನ್ ಕಾರಿನ ಚಿತ್ರವನ್ನು ಹೊರಗಿನವರು ಕಂಡದ್ದು 2020ರ ಮೇ ತಿಂಗಳಲ್ಲಿ, ಯೋಜನೆ ಸತ್ತ ಏಳು ತಿಂಗಳ ಮೇಲೆ. ಹಲ್ಲವಿಂಗ್ಟನ್‌ನ ಹ್ಯಾಂಗರುಗಳು ಮಾತ್ರ ಖಾಲಿ ಬೀಳಲಿಲ್ಲ. 2022ರಲ್ಲಿ ಕಂಪನಿ ಅಲ್ಲಿನ ರೋಬೋ ಸಂಶೋಧನೆಯ ಚಿತ್ರಗಳನ್ನು ಹೊರಗೆಡವಿತು. ಅದರಲ್ಲಿ ಯಂತ್ರದ ಕೈಯೊಂದು ತಟ್ಟೆಗಳನ್ನು ಜೋಡಿಸುತ್ತಿತ್ತು. ಇನ್ನೊಂದು ಸೋಫಾದ ದೂಳು ತೆಗೆಯುತ್ತಿತ್ತು.