ಮನೆ ಕೊಟ್ಟವರು ಹೊಸ್ತಿಲು ದಾಟಬಹುದೇ?

ಪೊನ್ನಂಪೇಟೆಯಿಂದ ತಿತಿಮತಿಯ ಕಡೆಗೋ ಶ್ರೀಮಂಗಲದ ಕಡೆಗೋ ಸಾಗುವವರಿಗೆ ರಸ್ತೆಯ ಇಕ್ಕೆಲಗಳಲ್ಲಿ ಕಾಫಿ ತೋಟಗಳು, ನೆರಳಿನ ಮರಗಳನ್ನು ತಬ್ಬಿ ಏರಿದ ಕರಿಮೆಣಸಿನ ಬಳ್ಳಿಗಳು ಕಾಣುತ್ತವೆ. ತೋಟದ ಒಳಗೆ, ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡು ಸಾಲಾಗಿ ನಿಂತ ಮನೆಗಳು ಮಾತ್ರ ಎಲ್ಲರ ಕಣ್ಣಿಗೂ ಬೀಳುವುದಿಲ್ಲ. ಜನ ಅವುಗಳನ್ನು ‘ಲೈನ್ ಮನೆ’ ಎನ್ನುತ್ತಾರೆ. ಆ ಮನೆಗೆ ಬಾಡಿಗೆಯಿಲ್ಲ, ಆದರೆ ಅದು ವಾಸಿಸುವವನ ಸ್ವಂತದ್ದೂ ಅಲ್ಲ. ಕೆಲಸ ಇರುವವರೆಗೆ ಮನೆ, ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು.

ಮನೆ ಕೊಡುವವರು ಮನೆಯಲ್ಲಿರುವವರ ಸಂಪಾದನೆಯ ಬಗ್ಗೆ ಎಷ್ಟು ಕೇಳಬಹುದು? ಯಾರು ಎಷ್ಟು ದುಡಿಯುತ್ತಾರೆ, ಸಾಲವೆಷ್ಟು, ಮಗ ಎಲ್ಲಿ ಕೆಲಸಕ್ಕೆ ಹೋಗುತ್ತಾನೆ ಎಂಬುದನ್ನೆಲ್ಲ ತಿಳಿಯುವ ಹಕ್ಕು ಅವರಿಗಿದೆಯೇ? ಹೊಸದೆನಿಸುವ ಈ ಪ್ರಶ್ನೆಗೆ ಕೊಡಗಿನ ನೆಲದಲ್ಲಿ ದೀರ್ಘವಾದ ಚರಿತ್ರೆಯೇ ಇದೆ.

ತೋಟದ ಲೆಕ್ಕದ ಪುಸ್ತಕ

1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1854ರಲ್ಲಿ ಜಾನ್ ಫೌಲರ್ ಎಂಬ ಆಂಗ್ಲ ಪ್ಲಾಂಟರ್ ಮಡಿಕೇರಿಯ ಬಳಿ ಐರೋಪ್ಯರ ಮೊದಲ ಕಾಫಿ ತೋಟವನ್ನು ತೆರೆದನು. ಕಾಡು ಕಡಿದು ಗಿಡ ನೆಡಲು ಸ್ಥಳೀಯ ಆಳುಗಳು ಸಾಲದೆ ಮೈಸೂರು ಸೀಮೆಯಿಂದಲೂ ಮಲಬಾರಿನಿಂದಲೂ ಕೂಲಿಗಳು ಬಂದರು. ಹಾಗೆ ಬಂದವರಿಗೆ ತೋಟದಲ್ಲೇ ಸೂರು ಒದಗಿಸಬೇಕಾಯಿತು.

ಅದಕ್ಕೂ ಮೊದಲು ಇಲ್ಲಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಯರವರು ಮತ್ತು ಹೊಲೆಯರು ತಲೆಮಾರುಗಳಿಂದ ಒಡೆಯರ ಮನೆತನಗಳಿಗೆ ಕಟ್ಟುಬಿದ್ದವರಾಗಿದ್ದರು. ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು 1843ರ ಕಾಯಿದೆ ತೆಗೆದುಹಾಕಿತಾದರೂ ಸಾಲದ ಹಗ್ಗ ಅಷ್ಟು ಸುಲಭವಾಗಿ ಬಿಚ್ಚಿಕೊಳ್ಳಲಿಲ್ಲ. ಬಾಸೆಲ್ ಮಿಶನ್ನಿನ ಹೆರ್ಮನ್ ಮೊಗ್ಲಿಂಗ್ ಅವರು 1850ರ ದಶಕದಲ್ಲಿ ಕೊಡಗಿಗೆ ಬಂದು, ಹೊಲೆಯ ಸಮುದಾಯದಿಂದ ಕ್ರೈಸ್ತರಾದವರಿಗಾಗಿ ಅಮ್ಮತ್ತಿಯ ಬಳಿ ಆನಂದಪುರ ಎಂಬ ಊರನ್ನು ಕಟ್ಟಿದರು. ನೆಲೆಯಿಲ್ಲದವರಿಗೆ ನೆಲೆ ಸಿಕ್ಕಿದ್ದು ದೊಡ್ಡ ಸಂಗತಿ. ಆದರೆ ನೆಲ, ಕೆಲಸ, ಆಲಯ ಮೂರೂ ಒಂದೇ ಕೈಯಿಂದ ದೊರೆತಾಗ ಆ ಕೈಯಿಂದ ಮರೆಮಾಡಬಹುದಾದದ್ದು ಮನೆಯಲ್ಲಿ ಹೆಚ್ಚೇನೂ ಉಳಿಯದು ಎಂಬುದನ್ನೂ ನಾವು ಒಪ್ಪಿಕೊಳ್ಳಬೇಕು.

ಲೈನ್ ಮನೆಯ ಸ್ಥಿತಿಯೂ ಹೀಗೆಯೇ. ಕೂಲಿ ಕೊಡುವವರೂ ಮನೆ ಕೊಡುವವರೂ ಮುಂಗಡ ಕೊಡುವವರೂ ಒಬ್ಬರೇ ಆದುದರಿಂದ ಆದಾಯವನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ. ಅದು ಮೊದಲೇ ತೋಟದ ರೈಟರ ಪುಸ್ತಕದಲ್ಲಿರುತ್ತದೆ. ಕೇಳಬೇಕಾಗುವುದು ಮಿಕ್ಕ ವಿಷಯ: ಮಗ ಬೇರೆ ತೋಟಕ್ಕೆ ಹೋಗುತ್ತಾನೆಯೇ, ಸೊಸೆ ಪೇಟೆಯಲ್ಲಿ ದುಡಿಯುತ್ತಾಳೆಯೇ? ಪ್ರಶ್ನೆ ಸರಳವಾಗಿ ಕಂಡರೂ ಅದರ ಹಿಂದೆ ‘ಹಾಗಾದರೆ ಮನೆ ಖಾಲಿ ಮಾಡಿ’ ಎಂಬ ಮಾತು ಅಡಗಿರಬಹುದು. ಹಾಗಾಗಿ ಉತ್ತರಿಸುವವನು ಸತ್ಯವನ್ನಲ್ಲ, ಸೂರನ್ನು ಕಾಪಾಡುವ ಉತ್ತರವನ್ನು ಹುಡುಕುತ್ತಾನೆ.

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ ತೋಟದ ಮಾಲೀಕರು ಕಾರ್ಮಿಕರಿಗೂ ಅವರ ಕುಟುಂಬಕ್ಕೂ ವಸತಿ ಒದಗಿಸಬೇಕೆಂದು ವಿಧಿಸಿತು. ದಯೆಯಾಗಿದ್ದ ಮನೆ ಕರ್ತವ್ಯವಾಯಿತು. ಆದರೆ ಅದು ಅನ್ವಯಿಸಿದ್ದು ನಿಗದಿತ ವಿಸ್ತೀರ್ಣ ಮತ್ತು ಕಾರ್ಮಿಕರ ಸಂಖ್ಯೆಯುಳ್ಳ ತೋಟಗಳಿಗೆ ಮಾತ್ರ. ಕೊಡಗಿನ ಬೆಳೆಗಾರರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರಾದ್ದರಿಂದ ಬಹಳಷ್ಟು ಮನೆಗಳು ಅದರ ಹೊರಗೇ ಉಳಿದವು. 1976ರಲ್ಲಿ ಜೀತಪದ್ಧತಿ ನಿರ್ಮೂಲನ ಕಾಯಿದೆ ಬಂದಿತು. 2020ರಲ್ಲಿ ಪ್ಲಾಂಟೇಶನ್ ಕಾಯಿದೆಯನ್ನು ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯೊಳಗೆ ಸೇರಿಸಲಾಯಿತು. ಇವುಗಳಲ್ಲಿ ವಸತಿಯ ಮಾತಿದೆ, ಬಿಡುಗಡೆಯ ಮಾತಿದೆ. ಆದರೆ ಕದ ಹಾಕಿಕೊಂಡು ತನ್ನ ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಳ್ಳುವ ಹಕ್ಕಿನ ಮಾತು ಇವುಗಳಲ್ಲಿ ಕಾಣುವುದಿಲ್ಲ.

ಒಡೆಯರು ಬದಲಾದರು

2016ರ ಡಿಸೆಂಬರಿನಲ್ಲಿ ಸಿದ್ದಾಪುರದ ಸಮೀಪದ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಅರಣ್ಯ ಭೂಮಿಯೆಂಬ ಕಾರಣಕ್ಕೆ ನೆಲಸಮ ಮಾಡಿದ್ದು ನಮಗೆಲ್ಲ ನೆನಪಿದೆ. ಅವರಲ್ಲಿ ಅನೇಕರು ಲೈನ್ ಮನೆಗಳನ್ನು ಬಿಟ್ಟು ಬಂದವರು. ಗೋಡೆಯುಳ್ಳ ಮನೆಯನ್ನು ತೊರೆದು ಪ್ಲಾಸ್ಟಿಕ್ ಹೊದಿಕೆಯ ಗುಡಿಸಲಿಗೆ ಬಂದವರ ಬಯಕೆ ಏನಿದ್ದಿರಬೇಕು? ಯಾರ ಪುಸ್ತಕದಲ್ಲೂ ಬರೆಯದ ಒಂದು ಬಾಗಿಲು ಎಂದು ತೋರುತ್ತದೆ. ಹೋರಾಟದ ನಂತರ 2017ರಲ್ಲಿ ಬಸವನಹಳ್ಳಿ, ಬ್ಯಾಡಗೊಟ್ಟ ಮೊದಲಾದೆಡೆ ಅವರಿಗೆ ಪುನರ್ವಸತಿ ಕಲ್ಪಿಸಲಾಯಿತು.

ತೋಟದಿಂದ ಹೊರಬಂದ ಬಡವನ ಹೊಸ ಮನೆದಾತ ಸರ್ಕಾರ. ಕರ್ನಾಟಕದಲ್ಲಿ ದೇವರಾಜ ಅರಸು ಅವರ ಕಾಲದ ಜನತಾ ಮನೆಗಳು, 1991-92ರಿಂದ ಆಶ್ರಯ ಯೋಜನೆ, 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, ಹೀಗೆ ಲಕ್ಷಾಂತರ ಕುಟುಂಬಗಳಿಗೆ ಸೂರು ದೊರೆತಿದೆ. ಮನೆ ಬೇಕಾದವರು ಆದಾಯ ಪ್ರಮಾಣಪತ್ರ ತರಬೇಕು. ಅದಕ್ಕೆ ನಾಡಕಚೇರಿಗೆ ಅರ್ಜಿ, ಗ್ರಾಮ ಆಡಳಿತ ಅಧಿಕಾರಿಯ ವಿಚಾರಣೆ. ಆಮೇಲೆ ಗ್ರಾಮಸಭೆಯಲ್ಲಿ ಫಲಾನುಭವಿಗಳ ಆಯ್ಕೆ. ಅಲ್ಲಿ ನೆರೆಹೊರೆಯವರೆಲ್ಲ ಕುಳಿತಿರುವಾಗ ಒಂದು ಮನೆಯ ಬಡತನ ಚರ್ಚೆಯ ವಸ್ತುವಾಗುತ್ತದೆ. ‘ಅವರ ಮಗಳು ಬೆಂಗಳೂರಿನಲ್ಲಿ ದುಡಿಯುತ್ತಾಳಲ್ಲ’ ಎಂದು ಯಾರೋ ಎದ್ದುನಿಂತು ಹೇಳಿದರೆ ಸಾಕು, ಆ ತಾಯಿ ತಲೆತಗ್ಗಿಸಬೇಕಾಗುತ್ತದೆ.

ನಮ್ಮ ಜನಗಣತಿಯ ಕಾನೂನು ಈ ಸೂಕ್ಷ್ಮವನ್ನು ಬಲ್ಲದು. 1948ರ ಜನಗಣತಿ ಕಾಯಿದೆಯ ಪ್ರಕಾರ ಮನೆಯವರು ಕೊಟ್ಟ ಉತ್ತರ ಗೋಪ್ಯ. ಆದರೆ 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿ ಆ ಕಾಯಿದೆಯ ಅಡಿಯಲ್ಲಿ ನಡೆಯಲಿಲ್ಲ. ಮನೆಯಲ್ಲಿ ಅತಿ ಹೆಚ್ಚು ದುಡಿಯುವವನ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆಯೋ, 10,000ಕ್ಕಿಂತ ಹೆಚ್ಚೋ, ಮನೆಯಲ್ಲಿ ದ್ವಿಚಕ್ರ ವಾಹನ, ರೆಫ್ರಿಜರೇಟರ್ ಇದೆಯೋ ಎಂದು ಅದು ಕೇಳಿತು. ಸವಲತ್ತು ಕೊಡಲು ಮಾತ್ರವಲ್ಲ, ತಡೆಯಲು ಕೂಡ ಆ ಮಾಹಿತಿಯನ್ನು ಇಲಾಖೆಗಳು ಬಳಸಬಹುದಿತ್ತು. ಮುಂದೆ 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಗ್ರಾಮೀಣ ಆವಾಸ್ ಯೋಜನೆಗೆ ಈ ಗಣತಿಯೇ ಆಧಾರವಾಯಿತು.

ಇಂಗ್ಲೆಂಡಿನ ಪಾಠ

ಇದೇ ದಾರಿಯಲ್ಲಿ ನಮಗಿಂತ ಮೊದಲು ನಡೆದವರ ಅನುಭವವೂ ಗಮನಾರ್ಹ. 1931ರಲ್ಲಿ ಬ್ರಿಟನ್ನಿನಲ್ಲಿ ದೀರ್ಘಕಾಲ ನಿರುದ್ಯೋಗಿಗಳಾಗಿದ್ದವರ ಭತ್ಯೆಗೆ ‘ಮೀನ್ಸ್ ಟೆಸ್ಟ್’ ಎಂಬ ಪರೀಕ್ಷೆ ಬಂದಿತು. ಅಧಿಕಾರಿಗಳು ಮನೆಗೆ ಬಂದು ಇಡೀ ಕುಟುಂಬದ ಸಂಪಾದನೆ, ಉಳಿತಾಯ, ಮುದುಕರ ಪಿಂಚಣಿ ಎಲ್ಲವನ್ನೂ ಲೆಕ್ಕಹಾಕಿ ಭತ್ಯೆಯನ್ನು ಕಡಿತ ಮಾಡುತ್ತಿದ್ದರು. ತಂದೆಯ ಭತ್ಯೆ ಉಳಿಯಲೆಂದು ದುಡಿಯುವ ಮಕ್ಕಳು ಮನೆ ಬಿಟ್ಟರು. ಪಿಂಚಣಿಯುಳ್ಳ ವೃದ್ಧರು ಮಗನ ಮನೆಯಲ್ಲಿ ಇರಲಾಗದೆ ಬೇರೆಡೆ ಹೋದರು. ನೆರೆಯವರ ಮೇಲೆ ನೆರೆಯವರೇ ದೂರು ಕೊಡುವ ಕಾಲ ಬಂತು. ಜಾರ್ಜ್ ಆರ್ವೆಲ್ 1937ರ ತನ್ನ ಪುಸ್ತಕದಲ್ಲಿ ಈ ಸಂಕಟವನ್ನು ದಾಖಲಿಸಿದ್ದಾನೆ. ಕೊನೆಗೆ 1941ರಲ್ಲಿ ಕುಟುಂಬದ ಒಟ್ಟು ಆದಾಯವನ್ನು ಎಣಿಸುವ ಆ ಕ್ರಮವನ್ನು ಕೈಬಿಡಲಾಯಿತು.

ಎಪ್ಪತ್ತೈದು ವರ್ಷಗಳ ನಂತರ ಪ್ರಶ್ನೆ ಮತ್ತೆ ಎದ್ದಿತು. 2016ರ ವಸತಿ ಕಾಯಿದೆಯು ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳ ಮನೆಗಳಲ್ಲಿ ವಾಸಿಸುವವರ ವಾರ್ಷಿಕ ಆದಾಯ 31,000 ಪೌಂಡ್, ಲಂಡನ್ನಿನಲ್ಲಿ 40,000 ಪೌಂಡ್ ಮೀರಿದರೆ ಹೆಚ್ಚು ಬಾಡಿಗೆ ಪಡೆಯಲು ಅವಕಾಶ ಮಾಡಿತು. ಇದಕ್ಕಾಗಿ ಬಾಡಿಗೆದಾರರು ಆದಾಯವನ್ನು ಮನೆಯೊಡೆಯರಿಗೆ ತಿಳಿಸಬೇಕಾಗಿತ್ತು. ತೆರಿಗೆ ಇಲಾಖೆಯೂ ಮಾಹಿತಿ ಹಂಚಿಕೊಳ್ಳಬಹುದಿತ್ತು. ವಿರೋಧ ಎದುರಾಗಿ ಅದೇ ವರ್ಷದ ನವೆಂಬರಿನಲ್ಲಿ ಸರ್ಕಾರ ಆ ಕಡ್ಡಾಯವನ್ನು ಹಿಂತೆಗೆದುಕೊಂಡಿತು.

ಎಲ್ಲಿ ನಿಲ್ಲಬೇಕು?

ಹಾಗಾದರೆ ಆದಾಯವನ್ನು ಕೇಳಲೇಬಾರದೇ? ಹಾಗೆನ್ನುವುದು ನ್ಯಾಯವಲ್ಲ. ಕೇಳದಿದ್ದರೆ ಬಡವನ ಮನೆ ಪ್ರಭಾವಿಗಳ ಪಾಲಾಗುತ್ತದೆ. 2005ರ ಮಾಹಿತಿ ಹಕ್ಕು ಕಾಯಿದೆ ಫಲಾನುಭವಿಗಳ ವಿವರವನ್ನು ಪ್ರಕಟಿಸಬೇಕೆಂದಿರುವುದೂ ಈ ಮೋಸವನ್ನು ತಡೆಯಲೆಂದೇ. ಆದರೆ ಯಾರಿಗೆ ಮನೆ ಸಿಕ್ಕಿತೆಂದು ಊರಿಗೆ ತಿಳಿಸುವುದು ಒಂದು. ಆ ಮನೆಯ ಸಾಲ, ಕಾಯಿಲೆ, ಮಕ್ಕಳ ಸಂಬಳವನ್ನು ಊರಿನ ಮುಂದೆ ಹರಡುವುದು ಇನ್ನೊಂದು.

ಈ ಗೆರೆಯನ್ನು ಗುರುತಿಸಲು ನೆರವಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ಕುರಿತು 2012ರಲ್ಲಿ ಅವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಸರ್ಕಾರ ಆ ಹಕ್ಕಿನೊಳಗೆ ಕೈಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ಉದ್ದೇಶ ನ್ಯಾಯವಾದದ್ದಾಗಿರಬೇಕು, ಕೇಳುವುದು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಮನೆಯ ವಿಷಯದಲ್ಲಿ ಇದರ ಅರ್ಥ ಸರಳ. ಆದಾಯ ಮಿತಿಯೊಳಗಿದೆಯೇ ಇಲ್ಲವೇ ಎಂದಷ್ಟೇ ತಿಳಿಯಬೇಕಿದ್ದರೆ ಅಷ್ಟನ್ನೇ ಕೇಳಬೇಕು, ಒಬ್ಬ ಅಧಿಕಾರಿಯ ಮುಂದೆ ಕೇಳಬೇಕು, ಬೇರೆ ಕೆಲಸಕ್ಕೆ ಅದನ್ನು ಬಳಸಬಾರದು.

ಇದಕ್ಕಿಂತ ಬಹಳ ಹಳೆಯದಾದ ಒಂದು ನಿಯಮವೂ ನಮ್ಮ ಕೈಯಲ್ಲಿದೆ. ಸಾಲ ಕೊಟ್ಟವನು ಒತ್ತೆಗಾಗಿ ನೆರೆಯವನ ಮನೆಯೊಳಕ್ಕೆ ನುಗ್ಗದೆ ಹೊರಗೇ ನಿಲ್ಲಬೇಕು, ಒತ್ತೆಯನ್ನು ಸಾಲಗಾರನೇ ಹೊರತರಬೇಕು ಎನ್ನುತ್ತದೆ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ. ಕೊಟ್ಟವನ ಹಕ್ಕನ್ನು ಅದು ನಿರಾಕರಿಸುವುದಿಲ್ಲ. ಹೊಸ್ತಿಲಲ್ಲಿ ನಿಲ್ಲಿಸುತ್ತದೆ, ಅಷ್ಟೇ.

ನಮ್ಮ ಓದುಗರಲ್ಲಿ ತೋಟದ ಮಾಲೀಕರಿದ್ದಾರೆ, ಲೈನ್ ಮನೆಯಲ್ಲಿ ಬೆಳೆದವರಿದ್ದಾರೆ, ಧರ್ಮಕೇಂದ್ರದ ನೆರವಿನ ಸಮಿತಿಗಳಲ್ಲಿ ಕುಳಿತವರೂ ಇದ್ದಾರೆ. ಮಳೆಗಾಲಕ್ಕೆ ಮುಂಚೆ ಮಾಡು ಸರಿಪಡಿಸಲು ಸಹಾಯ ಕೇಳಿ ಒಬ್ಬ ತಾಯಿ ಬಂದಾಗ ನಾವು ಎಷ್ಟು ಪ್ರಶ್ನೆ ಕೇಳುತ್ತೇವೆ, ಯಾರೆದುರು ಕೇಳುತ್ತೇವೆ, ಆಕೆಯ ಉತ್ತರ ಆಮೇಲೆ ಯಾರ ಬಾಯಲ್ಲಿ ಓಡಾಡುತ್ತದೆ ಎಂದು ಒಮ್ಮೆ ಯೋಚಿಸೋಣ. ಮಾಡು ಸರಿಹೋದ ಮೇಲೆ ಆ ಮನೆಯ ಬಾಗಿಲು ಆಕೆಯದಾಗಿಯೇ ಉಳಿಯಬೇಕು.